ಗಣಿತಾಭ್ಯಾಸ: ಐಗಳ ಮಠದಿಂದ ಪರೀಕ್ಷಾ ಮಂದಿರದವರೆಗೆ

ಮಾಘ ಮಾಸದಲ್ಲಿ ಶಿವರಾತ್ರಿ ಸಮೀಪಿಸುವ ಹೊತ್ತಿಗೆ ಮಠಗಳಿಗೂ ದೇವಾಲಯಗಳಿಗೂ ಬರುವ ಭಕ್ತರಲ್ಲಿ ವಿದ್ಯಾರ್ಥಿಗಳ ತಂದೆತಾಯಿಗಳೇ ಅಧಿಕ. ಪರೀಕ್ಷೆಯ ಪ್ರವೇಶಪತ್ರವನ್ನು ಗದ್ದುಗೆಯ ಮುಂದಿರಿಸಿ ವಿಭೂತಿ ಪಡೆದು ಹೋಗುವುದು ಈಗ ಒಂದು ಸಂಪ್ರದಾಯವೇ ಆಗಿದೆ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಶ್ರೀ ಕಾಲಭೈರವೇಶ್ವರ ಕ್ಷೇತ್ರದ ಬಸವಪ್ಪನು ಸುತ್ತಲಿನ ಗ್ರಾಮಗಳವರಿಗೆಲ್ಲ ಪೂಜ್ಯನಾಗಿರುವುದನ್ನು ವಾಚಕರು ಬಲ್ಲರು. ಆ ಹೋಬಳಿಯ ಒಬ್ಬ ಕಬ್ಬು ಬೆಳೆಗಾರರು ಈಚೆಗೆ ತಮ್ಮ ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. ಬಾಲಕನು ದ್ವಿತೀಯ ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಓದುತ್ತಿದ್ದಾನೆ. "ಬುದ್ಧಿ, ಹುಡುಗ ಲೆಕ್ಕ ನಂಗೆ ಹತ್ತಲ್ಲ, ಕಾಲೇಜು ಬಿಟ್ಟು ಗದ್ದೆ ನೋಡ್ಕೋತೀನಿ ಅಂತಾನೆ. ತಾವೊಂದು ಮಾತು ಹೇಳ್ಬೇಕು" ಎಂದು ಆ ತಂದೆ ಕೈಮುಗಿದು ನಿಂತರು.

ಆಶೀರ್ವದಿಸಿ ಕಳುಹಿಸುವುದು ಸುಲಭವಾಗಿತ್ತು. ಆದರೆ ಆಶೀರ್ವಾದವು ಅಭ್ಯಾಸದ ಸ್ಥಾನವನ್ನು ತುಂಬಲಾರದು. ಈ ನಾಡಿನ ಮಕ್ಕಳು ಗಣಿತವನ್ನು ಹೇಗೆ ಅಭ್ಯಾಸ ಮಾಡುತ್ತಿದ್ದರು, ಆ ಅಭ್ಯಾಸವು ಯಾವಾಗ ಭಯವಾಗಿ ಪರಿಣಮಿಸಿತು, ಅದರಲ್ಲಿ ಮಠಗಳ ಪಾತ್ರವೇನು ಎಂಬ ಪ್ರಶ್ನೆಗಳು ಅಂದು ನಮ್ಮ ಮನಸ್ಸಿನಲ್ಲಿ ಮೂಡಿದವು. ಆ ವಿಚಾರದ ಫಲವೇ ಪ್ರಸ್ತುತ ಲೇಖನ.

ಗಣಿತವು ಹೊರಗಿನಿಂದ ಬಂದ ವಿದ್ಯೆ, ನಮ್ಮದಲ್ಲ ಎಂಬ ಭಾವನೆಯು ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಸರ್ವಥಾ ಸತ್ಯವಲ್ಲ. ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನಾಚಾರ್ಯ ಮಹಾವೀರನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದ ಮೇಲೆ ವಿದ್ವಲ್ಲೋಕವು ಅದರ ಮಹತ್ವವನ್ನು ಅರಿಯಿತು. ಮೊದಲು ಸೂತ್ರ, ಅನಂತರ ಉದ್ದೇಶಕ, ಅಂದರೆ ಬಿಡಿಸಬೇಕಾದ ಸಮಸ್ಯೆ. ಇದು ಆ ಗ್ರಂಥದ ಕ್ರಮ. ಹಣ್ಣುಗಳ ಹಂಚಿಕೆ, ಚಿನ್ನದ ಬೆರಕೆ, ಬಡ್ಡಿಯ ಲೆಕ್ಕ, ಕಾಲುವೆಗಳಿಂದ ತೊಟ್ಟಿ ತುಂಬುವ ಲೆಕ್ಕ ಇವೆಲ್ಲ ಅಲ್ಲಿವೆ. ಇಂದಿನ ಪಠ್ಯಪುಸ್ತಕಗಳ ಅಧ್ಯಾಯಾಂತ್ಯದಲ್ಲಿ ಅಭ್ಯಾಸದ ಲೆಕ್ಕಗಳಿರುವ ಪದ್ಧತಿಗೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಗಣಿತವನ್ನು ಹೇಳಲಾಗದು ಎನ್ನುವವರಿಗೆ ಎಂಟುನೂರಕ್ಕೂ ಅಧಿಕ ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನು 'ಲೀಲಾವತಿ'ಯನ್ನು ಒಳಗೊಂಡ 'ಸಿದ್ಧಾಂತ ಶಿರೋಮಣಿ'ಯನ್ನು ಪೂರ್ಣಗೊಳಿಸಿದನು. ನಮ್ಮ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾಸ್ಕರನ ಮೊಮ್ಮಗನೂ ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯೂ ಆಗಿದ್ದ ಚಾಂಗದೇವನು ತನ್ನ ತಾತನ ಗ್ರಂಥಗಳ ಅಧ್ಯಯನಕ್ಕಾಗಿಯೇ ಖಾನದೇಶದ ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದನೆಂದೂ 1207ರಲ್ಲಿ ಅದಕ್ಕೆ ದತ್ತಿ ದೊರೆಯಿತೆಂದೂ ಅಲ್ಲಿಯ ಶಾಸನವು ತಿಳಿಸುತ್ತದೆ. ಗಣಿತವನ್ನು ಓದಲೆಂದೇ ಒಂದು ಮಠ! ಮಠವೆಂದರೆ ಜಪತಪಗಳ ತಾಣ ಮಾತ್ರವೆಂದು ತಿಳಿದವರು ಈ ಶಾಸನವನ್ನು ನೆನೆಯಬೇಕು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವೂ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯಗಳ ಅಧ್ಯಯನವನ್ನೂ ದೀನರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ ಒಟ್ಟಿಗೇ ಹೇಳುತ್ತದೆ. ಅನ್ನ ಮತ್ತು ಅಕ್ಷರಗಳನ್ನು ಬೇರ್ಪಡಿಸದಿರುವುದು ಈ ನೆಲದ ಮಠಗಳ ಪುರಾತನ ಧರ್ಮ.

ಅದೇ ಕಾಲದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕವನ್ನಾರಂಭಿಸಿದರೆಂದು ಶರಣ ಚರಿತ್ರೆಯ ಪರಂಪರೆ ಹೇಳುತ್ತದೆ. ರಾಜಭಂಡಾರದ ಧನವನ್ನು ಜಂಗಮ ದಾಸೋಹಕ್ಕೆ ವ್ಯಯಿಸುತ್ತಾರೆಂಬ ದೂರು ಬಂದಾಗ ಲೆಕ್ಕವನ್ನು ಪರಿಶೀಲಿಸಲಾಗಿ ಕಿಂಚಿತ್ತೂ ಕೊರತೆ ಕಾಣಲಿಲ್ಲವೆಂಬ ಪ್ರಸಂಗ ಸರ್ವವಿದಿತ. ಭಕ್ತರು ಇದನ್ನು ಪವಾಡವೆಂದು ಕೇಳಿ ಆನಂದಿಸುತ್ತಾರೆ. ಇದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಲೆಕ್ಕ ಶುದ್ಧವಾಗಿದ್ದವನಿಗೆ ಪರೀಕ್ಷೆಯ ಭಯವಿಲ್ಲ. ಶರಣರಿಗೆ ಲೆಕ್ಕವು ಪ್ರಾಮಾಣಿಕತೆಯ ಮತ್ತೊಂದು ಹೆಸರಾಗಿತ್ತು.

ಇನ್ನು ಐಗಳ ಮಠಗಳ ಕಡೆಗೆ ಬರೋಣ. ಕನ್ನಡದಲ್ಲಿ 'ಮಠ' ಎಂಬ ಶಬ್ದಕ್ಕೆ ಶಾಲೆ ಎಂಬ ಅರ್ಥವೂ ಇತ್ತು. ಉಪಾಧ್ಯಾಯನಿಗೆ 'ಐಗಳು' ಎಂದೇ ಹೆಸರು. ಗ್ರಾಮದ ಜಂಗಮಯ್ಯನವರು ಮಕ್ಕಳಿಗೆ ಅಕ್ಷರವನ್ನೂ ಮಗ್ಗಿಯನ್ನೂ ಕಲಿಸುತ್ತಿದ್ದ ಪದ್ಧತಿಯ ಕುರುಹು ಈ ಮಾತಿನಲ್ಲಿ ಉಳಿದಿದೆ. ಈ ಶಾಲೆಗಳ ಅಂತರಂಗವನ್ನು ತಿಳಿಸುವ ಅಮೂಲ್ಯ ದಾಖಲೆಯೊಂದು ನಮಗೆ ಲಭ್ಯವಿದೆ. ಮದ್ರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರ ಸಂಗ್ರಹಿಸಲು ಆಜ್ಞಾಪಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಒಂದು ದೀರ್ಘ ವರದಿಯನ್ನು ಬರೆದನು. ಒಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235. ಲಿಂಗವಂತ ಮಕ್ಕಳು ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದವನ್ನು ಓದುತ್ತಿದ್ದರೆಂದು ಆತ ಪ್ರತ್ಯೇಕವಾಗಿ ಹೇಳಿದ್ದಾನೆ.

ಗಣಿತದ ಅಭ್ಯಾಸ ಹೇಗಿತ್ತು? ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಬಳಿಕ ಅನ್ನದ ಗಂಜಿಯಿಂದ ಬಿರುಸುಗೊಳಿಸಿ, ಇದ್ದಲಿನ ಪುಡಿ ಮತ್ತು ಅಂಟು ಬಳಿದು ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತದ ಮೇಲೆ ಬರೆಯುತ್ತಿತ್ತು. ಬರೆದು ಅಳಿಸಿ ಮತ್ತೆ ಬರೆಯಲು ಅದು ಅನುಕೂಲ. ಸಂಕಲನ ವ್ಯವಕಲನಗಳಾದ ಮೇಲೆ ಭಿನ್ನರಾಶಿಗಳ ವಿಷಯದಲ್ಲಿ ಐಗಳು ಅತ್ಯಂತ ಶ್ರಮ ವಹಿಸುತ್ತಿದ್ದರೆಂದು ಕ್ಯಾಂಪ್‌ಬೆಲ್ ಗುರುತಿಸಿದ್ದಾನೆ. ಆ ಭಿನ್ನಗಳು ದಶಾಂಶದಂತೆ ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತಿದ್ದವು. ಒಂದರ ನಾಲ್ಕನೆಯ ಒಂದು ಪಾಲು ಕಾಲು. ಕಾಲಿನ ನಾಲ್ಕನೆಯ ಒಂದು ಪಾಲು ವೀಸ. ವೀಸದ ನಾಲ್ಕನೆಯ ಒಂದು ಪಾಲು ಕಾಣಿ. ದಿನಕ್ಕೆರಡಾವರ್ತಿ ಮಕ್ಕಳೆಲ್ಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಈ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಹೇಳುತ್ತಿದ್ದರು.

ಆ ವರದಿಯಲ್ಲಿ ಮನೋಹರವಾದ ವಿವರವೊಂದಿದೆ. ಬೆಳಗ್ಗೆ ಶಾಲೆಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಸ್ತುತಿಗೂ ಅಲ್ಲ, ನಿಂದೆಗೂ ಅಲ್ಲ. ಮೂರನೆಯವನಿಂದ ಮುಂದಕ್ಕೆ ಒಂದು, ಎರಡು ಎಂದು ಏಟುಗಳು ಏರುತ್ತಿದ್ದವು. ಸೊನ್ನೆಯೆಂದರೆ ಹೀನಾಯವಲ್ಲ, ಏರಿಕೆ ಇಳಿಕೆಗಳೆರಡೂ ಆರಂಭವಾಗುವ ಮಧ್ಯಸ್ಥಾನ ಎಂಬುದನ್ನು ಆ ಮಗು ಅಂಗೈಯಲ್ಲಿಯೇ ಕಲಿಯುತ್ತಿತ್ತು. ಅಲ್ಲಮಪ್ರಭುಗಳ ಶೂನ್ಯ ಬೇರೆ, ಗಣಿತದ ಸೊನ್ನೆ ಬೇರೆ. ಎರಡನ್ನೂ ಬೆರೆಸುವುದು ಸಾಧುವಲ್ಲ. ಆದರೂ ಸೊನ್ನೆ ಅಂಕ ಪಡೆದ ಮಗುವನ್ನು ಹೀಯಾಳಿಸುವ ತಂದೆತಾಯಿಗಳು ಈ ಚಿತ್ರವನ್ನು ನೆನೆದರೆ ಒಳ್ಳೆಯದು.

ಆದರೆ ಗತವೈಭವದ ಮೋಹದಲ್ಲಿ ಸತ್ಯವನ್ನು ಮರೆಯಲಾಗದು. ಆ 6,641 ಮಂದಿಯಲ್ಲಿ ಹಿಂದೂ ಬಾಲಕಿಯರು ಕೇವಲ 60. ಜನಸಂಖ್ಯೆಯ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಮಕ್ಕಳು ಶ್ಲೋಕಗಳನ್ನು ಗಿಣಿಯಂತೆ ಒಪ್ಪಿಸುತ್ತಾರೆಯೇ ಹೊರತು ಅರ್ಥವನ್ನರಿಯರೆಂದು ಕ್ಯಾಂಪ್‌ಬೆಲ್ ಟೀಕಿಸಿದ್ದಾನೆ. ದೇಶವು ಕ್ರಮೇಣ ಬಡತನಕ್ಕೀಡಾಗುತ್ತಿರುವುದರಿಂದ, ಕೈ ದುಡಿಮೆಗೆ ಬಂದೊಡನೆ ಮಕ್ಕಳನ್ನು ಶಾಲೆ ಬಿಡಿಸುತ್ತಾರೆಂದು ಮರುಗಿದ್ದಾನೆ. ಅದೇ ಲೇಖನಿಯಿಂದ ಆತ ಒಂದು ಪದ್ಧತಿಯನ್ನು ಮನಸಾರ ಹೊಗಳಿದ್ದಾನೆ. ಹೆಚ್ಚು ಕಲಿತವನು ಕಡಿಮೆ ಕಲಿತವನಿಗೆ ಹೇಳಿಕೊಡುತ್ತಾ, ತನ್ಮೂಲಕ ತನ್ನ ಜ್ಞಾನವನ್ನೂ ದೃಢಪಡಿಸಿಕೊಳ್ಳುವ ಕ್ರಮವದು. ಇಂಗ್ಲೆಂಡಿನಲ್ಲಿಯೂ ಇದನ್ನು ಅನುಕರಿಸಿದುದು ಯೋಗ್ಯವೇ ಆಗಿದೆ ಎಂಬುದು ಆತನ ಅಭಿಪ್ರಾಯ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಚಿಕ್ಕರಸಿನಕೆರೆಯು ಬಳ್ಳಾರಿಯಂತೆ ಕಂಪೆನಿ ಸರಕಾರಕ್ಕೆ ಸೇರಿರಲಿಲ್ಲ. ಅದು ಮೈಸೂರು ಸಂಸ್ಥಾನದ ಗ್ರಾಮ. ಸಂಸ್ಥಾನದಲ್ಲಿ ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಯೋಜನೆಯು ಹೋಬಳಿಗೊಂದು ಶಾಲೆಯನ್ನು ಸ್ಥಾಪಿಸುವ ಉದ್ದೇಶ ಹೊಂದಿತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೆ ಮುಂಚೆ 1857ರಲ್ಲಿ ಸ್ಥಾಪಿತವಾದ ಮದ್ರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಉನ್ನತ ಶಿಕ್ಷಣದ ಹೆಬ್ಬಾಗಿಲಾಗಿತ್ತು. ಈ ಕಾಲದಲ್ಲಿ ಒಂದು ಮಹತ್ತರ ಪರಿವರ್ತನೆ ನಡೆಯಿತು. ಐಗಳ ಮಠದಲ್ಲಿ ಮಗ್ಗಿಯ ಪರೀಕ್ಷೆ ನಡೆಯುತ್ತಿದ್ದುದು ಸಂತೆಯಲ್ಲಿ, ಕಣದಲ್ಲಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಕಲಿತವನು ರಾಶಿಯ ಮುಂದೆ ನಿಂತು ಅದನ್ನು ಸಿದ್ಧಪಡಿಸುತ್ತಿದ್ದನು. ಹೊಸ ಪದ್ಧತಿಯಲ್ಲಿಯಾದರೋ ಪರೀಕ್ಷಕನು ದೂರದ ಊರಿನ ಅಜ್ಞಾತ ವ್ಯಕ್ತಿ. ವರ್ಷದ ಅಭ್ಯಾಸಕ್ಕೆ ಮೂರು ಗಂಟೆಗಳಲ್ಲಿ ತೀರ್ಪು. ಇದರಿಂದ ಲಾಭವೂ ಆಯಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಜಾತಿ ಕುಲಗಳನ್ನು ಕೇಳದ, ಹೆಸರನ್ನೂ ಅರಿಯದ ಪರೀಕ್ಷಕನ ಮುಂದೆ ಬಡವನ ಮಗನೂ ಸಮಾನನಾದನು. ನಷ್ಟವೇನೆಂದರೆ, ಅಭ್ಯಾಸವು ಬದುಕಿನಿಂದ ಬೇರ್ಪಟ್ಟು ಉತ್ತರಪತ್ರಿಕೆಗೆ ಅಂಟಿಕೊಂಡಿತು.

ಸಮಾನತೆಯ ಆ ಬಾಗಿಲವರೆಗೆ ಬಡ ವಿದ್ಯಾರ್ಥಿಯನ್ನು ಕೈಹಿಡಿದು ನಡೆಸಿದವು ಮಠಗಳು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಉದ್ದಾನ ಶಿವಯೋಗಿಗಳು ಬೆಳೆಸಿದ ವಿದ್ಯಾರ್ಥಿ ದಾಸೋಹವನ್ನು ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ವಿಸ್ತರಿಸಿದರು. ಪೂಜ್ಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕ ವಿಷಯಗಳನ್ನಾಗಿ ಆರಿಸಿಕೊಂಡು ಓದುತ್ತಿದ್ದರು; 1930ರಲ್ಲಿ ಶ್ರೀಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾದುದರಿಂದ ಪದವಿ ಪೂರ್ಣಗೊಳ್ಳಲಿಲ್ಲವೆಂಬುದನ್ನು ಅನೇಕರು ಅರಿಯರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿ, 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಮೈಸೂರು, ಮಂಡ್ಯ ಸೀಮೆಯ ಎಷ್ಟೋ ಮನೆಗಳ ಮೊದಲ ಪದವೀಧರರು ಇಂತಹ ದಾಸೋಹದಲ್ಲಿ ಉಂಡು ಓದಿದವರು.

ಮಂಡ್ಯ ಸೀಮೆಯ ಬದುಕನ್ನೇ ಬದಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆಯೂ ಇಲ್ಲಿ ಪ್ರಸ್ತುತ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅಲ್ಲಿಂದ ಹೊರಟ ನಾಲೆಯು ಇಂದು ಅವರ ಹೆಸರಿನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳಿಗೆ ನೀರುಣಿಸುತ್ತಿದೆ. ಆ ನೀರಿನಿಂದ ಕಬ್ಬು, ಕಬ್ಬಿನಿಂದ 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆ, ಊರೂರಿನ ಆಲೆಮನೆಗಳು. ಅಂತಹ ಮಹನೀಯರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡರು. ಕಲಿಯುತ್ತಾ ಕಲಿಸುವುದು ಅವರಿಗೆ ಜೀವನೋಪಾಯವೂ ಅಭ್ಯಾಸವೂ ಆಗಿದ್ದಿರಬೇಕು.

1970ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಎರಡು ವರ್ಷಗಳ ಪದವಿಪೂರ್ವ ಶಿಕ್ಷಣ ಜಾರಿಗೆ ಬಂದಿತು. 1994ರಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲೆ ಗಣಿತದ ಒಂದೊಂದು ಅಂಕವೂ ಒಂದೊಂದು ಕುಟುಂಬದ ಭವಿಷ್ಯವನ್ನು ತೂಗುವ ಕಲ್ಲಾಯಿತು. 2012-13ರಿಂದ ರಾಷ್ಟ್ರಮಟ್ಟದ ಪಠ್ಯಕ್ರಮ ಬಂದಿತು. ಈಗ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಮಾತೃಕೆ, ನಿರ್ಧಾರಕ, ಅವಕಲನ, ಅನುಕಲನ, ಸದಿಶ, ಸಂಭವನೀಯತೆ ಇವೆಲ್ಲ ಪಠ್ಯದಲ್ಲಿವೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತವನ್ನು ಕಲಿತ ಹಳ್ಳಿಯ ಮಗುವು ವಿಜ್ಞಾನ ವಿಭಾಗಕ್ಕೆ ಬಂದೊಡನೆ ಬಹುತೇಕ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾಗುತ್ತದೆ. ತಿಳಿದ ವಿಷಯವೇ ಅಪರಿಚಿತ ಮುಖವಾಡ ಧರಿಸಿ ಎದುರು ನಿಲ್ಲುತ್ತದೆ. ಆಗ ಮಗು ಅರ್ಥವನ್ನು ಕೈಬಿಟ್ಟು ಪ್ರಶ್ನೋತ್ತರ ಸಂಗ್ರಹವನ್ನು ಕಂಠಪಾಠ ಮಾಡುತ್ತದೆ. 1823ರ ಗಿಣಿಯು ಮತ್ತೆ ಪಂಜರಕ್ಕೆ ಬರುತ್ತದೆ.

ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. 1980ರ ದಶಕದ ಕೊನೆಯಲ್ಲಿ ನಾವು ಪದವಿಪೂರ್ವ ವಿದ್ಯಾರ್ಥಿಯಾಗಿದ್ದಾಗ ವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಅನುತ್ತೀರ್ಣರಾದೆವು. ಮಾದರಿ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದೆವು. ಪ್ರಶ್ನೆಯಲ್ಲಿ ಸಂಖ್ಯೆ ಬದಲಾದೊಡನೆ ದಿಕ್ಕು ತೋಚಲಿಲ್ಲ. ಲಜ್ಜೆಯಿಂದ ಮುಖ ತೋರಿಸದೆ ಇದ್ದಾಗ ನಮ್ಮ ಗುರುಗಳು ಕರೆದು, ಗದರಿಸದೆ, "ನಾಳೆಯಿಂದ ಸಂಜೆ ಎಂಟನೆಯ ತರಗತಿಯ ಹುಡುಗರಿಗೆ ನೀನೇ ಲೆಕ್ಕ ಹೇಳಿಕೊಡು" ಎಂದರು. ಇದು ದಂಡನೆಯೆಂದೇ ಭಾವಿಸಿದೆವು. ಆ ಮಕ್ಕಳಲ್ಲಿ ಒಬ್ಬನು, ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡುವುದೇಕೆ ಎಂದು ಕೇಳಿದನು. ಉತ್ತರ ತಿಳಿಯಲಿಲ್ಲ! ಅಂದು ರಾತ್ರಿ ಕುಳಿತು ಯೋಚಿಸಿದಾಗ, ನಮಗೆ ಬಾರದಿದ್ದುದು ಅವಕಲನವಲ್ಲ, ಭಿನ್ನರಾಶಿ ಮತ್ತು ಋಣಚಿಹ್ನೆ ಎಂಬುದು ಹೊಳೆಯಿತು. ಮೇಲಂತಸ್ತು ಅಲುಗಾಡುತ್ತಿದ್ದುದಕ್ಕೆ ಕಾರಣ ತಳಪಾಯದಲ್ಲಿತ್ತು. ಮೂರು ತಿಂಗಳು ಹಾಗೆ ಕಲಿಸಿದ ಬಳಿಕ ಮತ್ತೆ ಪರೀಕ್ಷೆಗೆ ಕುಳಿತು ಉತ್ತೀರ್ಣರಾದೆವು. ಕ್ಯಾಂಪ್‌ಬೆಲ್ಲನ ವರದಿಯನ್ನು ಓದಿದ್ದು ಬಹಳ ವರ್ಷಗಳ ಮೇಲೆ. ಐಗಳ ಮಠದ ಪದ್ಧತಿಯನ್ನೇ ಗುರುಗಳು ನಮ್ಮ ಮೇಲೆ ಪ್ರಯೋಗಿಸಿದ್ದರೆಂಬುದು ಆಗ ಅರಿವಾಯಿತು.

ತಪ್ಪಿಗೆ ಹೆದರುವ ಮಕ್ಕಳಿಗೆ ಮಹಾವೀರಾಚಾರ್ಯನ ಗ್ರಂಥವೇ ಸಮಾಧಾನ ಹೇಳುತ್ತದೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಆತ ಬರೆದನು. ಇದು ತಪ್ಪು. ಸೊನ್ನೆಯಿಂದ ಭಾಗಾಕಾರವನ್ನು ವ್ಯಾಖ್ಯಾನಿಸಲಾಗದೆಂದು ಇಂದಿನ ವಿದ್ಯಾರ್ಥಿಯೂ ಬಲ್ಲನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಆತ ಹೇಳಿದನು. ಆತನಿಗೆ ತಿಳಿದಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿ. ಇಂದು ಪ್ರಥಮ ಪದವಿಪೂರ್ವ ತರಗತಿಯ ಮಗು ಸಂಕೀರ್ಣ ಸಂಖ್ಯೆಗಳಲ್ಲಿ ಆ ಮೂಲವನ್ನು ಬರೆಯುತ್ತದೆ. ಆಚಾರ್ಯನ ತಪ್ಪು ಆತನ ಹಿರಿಮೆಯನ್ನು ಕುಗ್ಗಿಸಲಿಲ್ಲ. ಒಂದು ವಾರ್ಷಿಕ ಪರೀಕ್ಷೆಯ ತಪ್ಪು ಒಂದು ಮಗುವಿನ ಬಾಳನ್ನು ಕುಗ್ಗಿಸಬೇಕೇ?

ಚಿಕ್ಕರಸಿನಕೆರೆಯ ಕಡೆಯ ಆ ಬಾಲಕನ ಪ್ರಸಂಗಕ್ಕೆ ಹಿಂದಿರುಗೋಣ. ನಾವು ಅವನನ್ನು ಹತ್ತಿರ ಕೂರಿಸಿಕೊಂಡು, "ಮರಿ, ಒಂದು ಕಟ್ಟೆಯನ್ನು ಒಂದು ಕಾಲುವೆ ಎರಡು ದಿನಕ್ಕೆ ತುಂಬುತ್ತದೆ, ಇನ್ನೊಂದು ಮೂರು ದಿನಕ್ಕೆ ತುಂಬುತ್ತದೆ. ಎರಡನ್ನೂ ಬಿಟ್ಟರೆ ಎಷ್ಟು ದಿನ?" ಎಂದು ಕೇಳಿದೆವು. ಅವನು ಕ್ಷಣಕಾಲ ಯೋಚಿಸಿ, ಒಂದು ದಿನಕ್ಕೆ ಅರ್ಧ ಮತ್ತು ಮೂರನೆಯ ಒಂದು ಸೇರಿ ಆರರಲ್ಲಿ ಐದು ಭಾಗ. ಆದ್ದರಿಂದ ಒಂದು ದಿನ ಮತ್ತು ದಿನದ ಐದನೆಯ ಒಂದು ಭಾಗ ಎಂದನು. ಸರಿಯಾದ ಉತ್ತರ. ಮಹಾವೀರನೂ ಭಾಸ್ಕರನೂ ಕೇಳಿದ ಜಾತಿಯ ಲೆಕ್ಕವಿದು. "ಕೆರೆಗೆ ಒಂದೇ ಸಮನೆ ನೀರು ಬರುತ್ತಿದ್ದರೆ ಮಟ್ಟವೂ ಒಂದೇ ಸಮನೆ ಏರುತ್ತದೆಯೇ?" ಎಂದು ಮತ್ತೆ ಕೇಳಿದೆವು. ಆಗ ತಂದೆಯವರೇ ಮುಂದಾಗಿ, "ಇಲ್ಲ ಬುದ್ಧಿ, ತಳದಲ್ಲಿ ಬೇಗ ಏರ್ತದೆ. ಮೇಲಕ್ಕೆ ಬಂದಂಗೆಲ್ಲ ಕೆರೆ ಅಗಲ ಆಯ್ತದಲ್ಲ, ನಿಧಾನ ಆಯ್ತದೆ" ಎಂದರು. ಬಾಲಕನು ತಂದೆಯ ಮುಖವನ್ನು ನೋಡಿದನು. ಶಂಕುವಿನ ಆಕಾರದ ತೊಟ್ಟಿಗೆ ನೀರು ಸುರಿಯುವಾಗ ಮಟ್ಟವು ಏರುವ ದರವನ್ನು ಕಂಡುಹಿಡಿಯಿರೆಂದು ಅವನ ಪುಸ್ತಕವು ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಯ ತಿರುಳನ್ನು, ಶಾಲೆಯನ್ನು ಹೆಚ್ಚು ಕಾಣದ ಅವನ ತಂದೆ ಹೇಳಿಬಿಟ್ಟಿದ್ದರು. ಮಿತವಾದ ನೆಲ, ಮಿತವಾದ ನೀರಿನಲ್ಲಿ ಭತ್ತಕ್ಕೆಷ್ಟು ಕಬ್ಬಿಗೆಷ್ಟು ಎಂದು ಪ್ರತಿವರ್ಷ ಅವರು ಲೆಕ್ಕ ಹಾಕುವುದೇ ಅವನ ಪಠ್ಯದ ರೇಖೀಯ ಕ್ರಮವಿಧಿಯ ಅಧ್ಯಾಯ.

ಕಾಲೇಜು ಬಿಡುವುದಿಲ್ಲವೆಂದು ಹೇಳಿ ಆ ಬಾಲಕನು ಹೋದನು. ಅವನ ಪರೀಕ್ಷೆ ಇನ್ನೂ ಮುಂದಿದೆ, ಫಲವೇನಾಗುವುದೋ ನಾವರಿಯೆವು. ಅಂಕವೆಷ್ಟೇ ಬರಲಿ, ಲೆಕ್ಕವು ತನ್ನ ಮನೆಯದೇ ಎಂಬುದನ್ನು ಅವನು ಕಂಡುಕೊಂಡನು. ಎರಡು ಶತಮಾನಗಳ ಹಿಂದೆ ಬಡತನವು ಮಕ್ಕಳನ್ನು ಐಗಳ ಮಠದಿಂದ ಗದ್ದೆಗೆ ಎಳೆಯಿತು. ಇಂದು ಭಯವು ಎಳೆಯುತ್ತಿದೆ. ಬಡತನಕ್ಕೆ ದಾಸೋಹವು ಮದ್ದಾಯಿತು. ಭಯಕ್ಕೂ ದಾಸೋಹವೇ ಮದ್ದು. ಆದರೆ ಅದು ಅರಿವಿನ ದಾಸೋಹ.

ಆದಕಾರಣ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಅಪೇಕ್ಷೆ. ನಿಮ್ಮಲ್ಲಿ ಅಭಿಯಂತರರಿದ್ದೀರಿ, ಅಧ್ಯಾಪಕರಿದ್ದೀರಿ, ಬ್ಯಾಂಕು ಕಚೇರಿಗಳಲ್ಲಿ ಲೆಕ್ಕ ಬರೆಯುವವರಿದ್ದೀರಿ. ದಾಸೋಹಕ್ಕೆ ಅಕ್ಕಿ ಬೇಳೆ ಕಳುಹಿಸುತ್ತಿರುವಿರಿ, ಸಂತೋಷ. ತಿಂಗಳಿಗೊಂದು ಭಾನುವಾರ ನಿಮ್ಮ ಊರಿನ ವಿದ್ಯಾರ್ಥಿನಿಲಯದಲ್ಲಿ ಎರಡು ತಾಸು ಕುಳಿತು, ಮಕ್ಕಳಿಗೆ ಕನ್ನಡದಲ್ಲಿ ಅರ್ಥ ಬಿಡಿಸಿ, ಇಂಗ್ಲಿಷಿನಲ್ಲಿ ಬರೆಯಿಸಿ, ಹಿರಿಯ ಮಗುವಿನಿಂದ ಕಿರಿಯ ಮಗುವಿಗೆ ಹೇಳಿಸಿ. ತಂದೆತಾಯಿಗಳು ಎಷ್ಟು ಅಂಕ ಬಂತೆಂದು ಕೇಳುವ ಮುನ್ನ ಏನು ತಿಳಿಯಿತೆಂದು ಕೇಳಲಿ. ವಿದ್ಯಾರ್ಥಿಗಳು ಬಿಡಿಸಿದ ಲೆಕ್ಕವನ್ನು ಪುಸ್ತಕ ಮುಚ್ಚಿ ಮತ್ತೊಮ್ಮೆ ಬಿಡಿಸಲಿ. ಸಂಖ್ಯೆ ಬದಲಿಸಿ ಇನ್ನೊಮ್ಮೆ ಬಿಡಿಸಲಿ. ಕಡತವನ್ನು ಅಳಿಸಿ ಮತ್ತೆ ಬರೆದ ಆ ಮಕ್ಕಳ ಅಭ್ಯಾಸವೂ ಇದೇ ಆಗಿತ್ತು. ಪರೀಕ್ಷೆಗೆ ಹೊರಟಿರುವ ಸಮಸ್ತ ಮಕ್ಕಳಿಗೂ ಗುರುಬಸವಣ್ಣನವರ ಕೃಪೆಯಿರಲಿ.

ಶರಣು ಶರಣಾರ್ಥಿಗಳು.